ಆರು ತಿಂಗಳ ನಂತರದ ಕೂಸಿಗೆ ಮಾತೂ ಒಂದು ಊಟ

ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುವ ಕ್ರಮ ನಮ್ಮಲ್ಲಿ ಉಂಟು. ವಾಡಿಯಲ್ಲೋ, ಶಹಾಬಾದಿನಲ್ಲೋ, ಸೇಡಂ ಬಸ್‌ಸ್ಟ್ಯಾಂಡ್ ಹತ್ತಿರವೋ ಹೋಟೆಲ್, ಬೇಕರಿ, ಬಟ್ಟೆ ಅಂಗಡಿ ಇಟ್ಟುಕೊಂಡ ಗಂಡ ಇಲ್ಲೇ ಇರ್ತಾನೆ. ಹೆಂಡತಿ ಕರಾವಳಿಯ ತಾಯಿಮನೆಯಲ್ಲಿ ಹೆತ್ತು, ಬಾಣಂತನ ಮುಗಿಸಿ, ಮಗುವಿಗೆ ನಾಲ್ಕೈದು ತಿಂಗಳಾದ ಮೇಲೆ ವಾಪಸು ಬರ್ತಾಳೆ. ಅಲ್ಲಿ ಕೂಸನ್ನು ಎತ್ತಿಕೊಳ್ಳಲಿಕ್ಕೆ ಹತ್ತು ಕೈ ಇತ್ತು. ಅಜ್ಜಿ, ಚಿಕ್ಕಮ್ಮಂದಿರು, ನೆರೆಮನೆಯ ಮಕ್ಕಳು, ಎಲ್ಲರೂ ಅದರ ಮುಖ ನೋಡಿ ಏನಾದರೊಂದು ಹೇಳುವವರೇ. ಇಲ್ಲಿಯೋ ಎರಡು ಕೋಣೆಯ ಬಾಡಿಗೆ ಮನೆ. ಗಂಡ ಸುಬಹಿ ನಮಾಝ್ ಮುಗಿಸಿ ಅಂಗಡಿಗೆ ಹೋದರೆ ಬರುವುದು ಇಶಾ ಆದ ಮೇಲೆ. ಹಗಲಿಡೀ ತಾಯಿ, ಮಗು, ಮತ್ತೆ ಒಂದು ಮೊಬೈಲ್.

ಕೂಸಿನ ಬೆಳವಣಿಗೆಯಲ್ಲಿ ಬಹಳ ದೊಡ್ಡ ಕೆಲಸ ನಡೆಯುವುದು ಸರಿಯಾಗಿ ಇದೇ ಹೊತ್ತಿನಲ್ಲಿ, ಆರನೇ ತಿಂಗಳಿಂದ ಹನ್ನೆರಡನೇ ತಿಂಗಳವರೆಗೆ. ಕೂರುವುದು, ಅಂಬೆಗಾಲಿಡುವುದು, ಹಲ್ಲು ಬರುವುದು ಕಣ್ಣಿಗೆ ಕಾಣ್ತದೆ. ಕಾಣದೆ ನಡೆಯುವುದು ಮಾತಿನ ಕೆಲಸ. ಅದಕ್ಕೆ ಬೇಕಾದ ಸಾಮಾನು ಅಂಗಡಿಯಲ್ಲಿ ಸಿಗುವುದಿಲ್ಲ, ಮನೆಯವರ ಬಾಯಲ್ಲಿ ಉಂಟು. ಇವತ್ತು ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಕಿವಿ ಮೊದಲು, ನಾಲಗೆ ಆಮೇಲೆ

ಮಗು ಮೊದಲ ಮಾತು ಆಡುವುದು ಹೆಚ್ಚುಕಮ್ಮಿ ವರ್ಷ ತುಂಬುವಾಗ. ಹಾಗಾಗಿ ಅಲ್ಲಿವರೆಗೆ ಅದಕ್ಕೆ ಏನೂ ತಿಳಿಯುವುದಿಲ್ಲ, ಮಾತಾಡಿ ಏನು ಪ್ರಯೋಜನ ಅಂತ ತುಂಬಾ ಮಂದಿ ಭಾವಿಸಿದ್ದಾರೆ. ಅದು ಸರಿಯಲ್ಲ. 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರರಿಂದ ಒಂಬತ್ತು ತಿಂಗಳ ಶಿಶುಗಳನ್ನು ತಾಯಿಯ ಮಡಿಲಲ್ಲಿ ಕೂರಿಸಿ, ಎದುರಿಗೆ ಚಿತ್ರಗಳನ್ನು ಇಟ್ಟು, ಒಂದೊಂದರ ಹೆಸರು ಹೇಳಿಸಿದರು. ತಿನ್ನುವ ವಸ್ತು, ಮೈಯ ಅಂಗಗಳ ಹೆಸರು ಹೇಳಿದಾಗ ಮಕ್ಕಳ ಕಣ್ಣು ಸರಿಯಾದ ಚಿತ್ರದ ಕಡೆಗೇ ಹೆಚ್ಚು ಹೋಗ್ತಿತ್ತು. ಬಾಯಿಂದ ಒಂದು ಶಬ್ದ ಹೊರಡದಿದ್ದರೂ ಅರ್ಥ ಒಳಗೆ ಕೂತಾಗಿತ್ತು.

ಇನ್ನೊಂದು ಪರೀಕ್ಷೆ ನಮ್ಮ ದೇಶದ ಅಕ್ಷರಗಳ ಮೇಲೆಯೇ ಆದದ್ದು. 1984ರಲ್ಲಿ ಪ್ರಕಟವಾಯಿತು. ಕೆನಡಾದ ಸಂಶೋಧಕರು ಇಂಗ್ಲಿಷ್ ಮನೆಗಳ ಶಿಶುಗಳಿಗೆ ಹಿಂದಿಯ 'ತ' ಮತ್ತು 'ಟ' ಕೇಳಿಸಿದರು. ಇಂಗ್ಲಿಷಿನಲ್ಲಿ ಈ ವ್ಯತ್ಯಾಸ ಇಲ್ಲ. ಆದರೂ ಆರರಿಂದ ಎಂಟು ತಿಂಗಳ ಮಕ್ಕಳಲ್ಲಿ ಹೆಚ್ಚಿನವರು ಎರಡೂ ಬೇರೆ ಅಂತ ಗುರುತಿಸಿದರು. ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಅದನ್ನು ಗುರುತಿಸುವ ಮಕ್ಕಳು ತೀರಾ ಕಡಿಮೆಯಾಗಿದ್ದರು. ನಾವು 'ತಟ್ಟೆ' ಅಂತ ಒಂದು ಮಾತು ಹೇಳಿದರೆ ಅದರಲ್ಲಿ ತ, ಟ ಎರಡೂ ಉಂಟು. ನಮ್ಮ ಕೂಸಿಗೆ ಅದು ದಿನಾ ಕಿವಿಗೆ ಬೀಳ್ತದೆ, ಉಳಿಯುತ್ತದೆ. ಬೀಳದ ಶಬ್ದವನ್ನು ಕಿವಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ನಿಲ್ಲಿಸ್ತದೆ.

ಮದ್ರಸದಲ್ಲಿ ಕಲಿಸುವ ನಮಗೆ ಇದು ಹೊಸ ವಿಷಯ ಅಲ್ಲ. ಐದಾರು ವರ್ಷದ ಮಕ್ಕಳಿಗೆ 'ತಾ' ಮತ್ತು 'ತ್ವಾ', 'ಸೀನ್' ಮತ್ತು 'ಸ್ವಾದ್' ಬೇರೆ ಮಾಡಿ ಕೇಳಿಸಲಿಕ್ಕೆ ಎಷ್ಟು ತಿಂಗಳು ಬೇಕಾಗ್ತದೆ ಅಂತ ಯಾವ ಉಸ್ತಾದರನ್ನು ಕೇಳಿದರೂ ಹೇಳ್ತಾರೆ. ಮೊದಲು ಕಿವಿ ಹಿಡಿಯಬೇಕು, ಆಮೇಲೆ ನಾಲಗೆ ಮಖ್ರಜ್‌ಗೆ ಬರ್ತದೆ. ದೊಡ್ಡವರಾದ ಮೇಲೆ ಬಾಗಿಲು ಮುಚ್ಚಿಯೇ ಹೋಗ್ತದೆ ಅಂತ ಅಲ್ಲ, ಕಲಿಯಬಹುದು. ಆದರೆ ಶಿಶುವಾಗಿರುವಾಗ ಸುಮ್ಮನೆ ಸಿಕ್ಕುವುದನ್ನು ಆಮೇಲೆ ಬೆವರು ಹರಿಸಿ ಗಳಿಸಬೇಕು.

ಮುಖ ಬೇಕು, ಪರದೆ ಅಲ್ಲ

'ಮಾತೇ ತಾನೆ, ಮೊಬೈಲಿನಲ್ಲಿ ಹಾಡು, ಕಥೆ ಹಾಕಿ ಕೊಟ್ಟರೆ ಆಗುವುದಿಲ್ವಾ?' ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಇದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ. 2003ರಲ್ಲಿ ಪ್ರಕಟವಾದ ಅಮೆರಿಕದ ಸಿಯಾಟಲ್ ನಗರದ ಅಧ್ಯಯನದಲ್ಲಿ ಒಂಬತ್ತು ತಿಂಗಳ ಇಂಗ್ಲಿಷ್ ಮನೆಯ ಮಕ್ಕಳ ಎದುರು ಚೀನೀ ಭಾಷೆಯವರು ನೆಲದ ಮೇಲೆ ಕೂತು ಆಟಿಕೆ ತೋರಿಸುತ್ತಾ ಮಾತಾಡಿದರು. ದಿನಕ್ಕೆ 25 ನಿಮಿಷದಂತೆ ಒಟ್ಟು 12 ಸಲ. ಆ ಮಕ್ಕಳು ಚೀನೀ ಭಾಷೆಯ ಸೂಕ್ಷ್ಮ ಶಬ್ದಭೇದವನ್ನು ಹಿಡಿದುಬಿಟ್ಟರು. ಅದೇ ಜನ, ಅದೇ ಮಾತು, ಅಷ್ಟೇ ಹೊತ್ತು ಟಿವಿ ಪರದೆಯಲ್ಲಿ ನೋಡಿದ ಮಕ್ಕಳೂ, ಬರೀ ಧ್ವನಿ ಕೇಳಿದ ಮಕ್ಕಳೂ ಏನೂ ಕಲಿಯಲಿಲ್ಲ.

ಕಾರಣ ಯೋಚಿಸಿದರೆ ಸುಲಭ. ಕೂಸು 'ಬಾ ಬಾ' ಅಂದರೆ ತಾಯಿ ನಗ್ತಾಳೆ, 'ಬಾ ಬಾ ಅಂತೀಯಾ?' ಅಂತ ಕೇಳ್ತಾಳೆ. ಕೂಸು ಕೈ ಚಾಚಿದ ಕಡೆಗೆ ನೋಡ್ತಾಳೆ. ಮೊಬೈಲು ಅದ್ಯಾವುದನ್ನೂ ಮಾಡುವುದಿಲ್ಲ, ತನ್ನಷ್ಟಕ್ಕೆ ಹಾಡ್ತಾ ಹೋಗ್ತದೆ. ನಮ್ಮ ಬ್ಯಾರಿ ಮಾತಿಗೆ 'ನಕ್ಕ್-ನಿಕ್ಕ್' ಭಾಷೆ ಅಂತ ಒಂದು ಹೆಸರು ಉಂಟಲ್ಲ, 'ನನಗೆ-ನಿನಗೆ' ಅಂತ. ಶಿಶುವಿನ ಜೊತೆಗಿನ ಮಾತೂ ಹಾಗೇ ಇರಬೇಕು. ನಿನಗೊಂದು ಸರದಿ, ನನಗೊಂದು ಸರದಿ. ಅದರ ಸರದಿಗೆ ಸ್ವಲ್ಪ ಹೊತ್ತು ಕಾಯಬೇಕು.

ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆ ತೋರಿಸುವುದೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಭಾರತದ ಮಕ್ಕಳ ವೈದ್ಯರ ಸಂಘ ಎರಡು ವರ್ಷದವರೆಗೂ ಬೇಡ ಅನ್ನುತ್ತದೆ. ದೂರದ ಬಂಧುಗಳ ಜೊತೆ ಯಾವಾಗಲಾದರೊಮ್ಮೆ ವಿಡಿಯೊ ಕಾಲ್ ಮಾಡುವುದಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಊರಿನ ಅಜ್ಜಿ ಕಾಲ್ ಮಾಡಿದಾಗ ಧಾರಾಳ ತೋರಿಸಿ. ಅಜ್ಜಿ ಕೂಸಿನ ಮುಖ ನೋಡಿ ಉತ್ತರ ಕೊಡ್ತಾರೆ, ಅದು ಮಾತುಕತೆ. ಮಗುವಿನ ಕೈಗೆ ಫೋನ್ ಕೊಟ್ಟು ಅಡುಗೆಮನೆಗೆ ಹೋಗಬೇಡಿ, ಪಕ್ಕದಲ್ಲಿ ಕೂತು ನೀವೂ ಸೇರಿಕೊಳ್ಳಿ. ಊಟ ಮಾಡಿಸಲಿಕ್ಕೆ ಯೂಟ್ಯೂಬ್ ಹಾಕುವ ಅಭ್ಯಾಸವನ್ನಂತೂ ಶುರು ಮಾಡದಿರುವುದೇ ಒಳ್ಳೆಯದು.

ಯಾವ ಭಾಷೆ?

ಇಲ್ಲಿರುವ ನಮ್ಮ ಮನೆಗಳಲ್ಲಿ ಇದೇ ದೊಡ್ಡ ಪ್ರಶ್ನೆ. ಮನೆಯೊಳಗೆ ಬ್ಯಾರಿ. ಓಣಿಯಲ್ಲಿ, ಮಸೀದಿಯಲ್ಲಿ ದಖನಿ ಉರ್ದು. ಅಂಗಡಿಯಲ್ಲಿ 'ಬರ್ರಿ, ಕೂಡ್ರಿ' ಅನ್ನುವ ಕಲಬುರಗಿ ಕನ್ನಡ. ಸೇಡಂ, ಚಿಂಚೋಳಿ ಕಡೆ ತೆಲಂಗಾಣ ಹತ್ತಿರ, ತೆಲುಗೂ ಸಾಕಷ್ಟು ಕೇಳ್ತದೆ; ತಾಂಡಾಗಳಲ್ಲಿ ಲಂಬಾಣಿ ಉಂಟು. ಇದರ ಮೇಲೆ, ಮುಂದೆ ಶಾಲೆಗೆ ಸುಲಭ ಆಗಲಿ ಅಂತ ಕೆಲವು ತಂದೆತಾಯಿ ತಮಗೆ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ಕೂಸಿನ ಜೊತೆ ಮಾತಾಡ್ತಾರೆ. ಇಷ್ಟು ಭಾಷೆ ಕಿವಿಗೆ ಬಿದ್ದರೆ ಮಗು ಗಲಿಬಿಲಿಯಾಗ್ತದೆ, ಮಾತು ತಡ ಆಗ್ತದೆ ಅಂತ ಹೆದರಿ ಬ್ಯಾರಿಯನ್ನೇ ಬಿಟ್ಟವರೂ ಇದ್ದಾರೆ.

ಹೆದರಬೇಕಾದ್ದಿಲ್ಲ. ಎರಡು ಮೂರು ಭಾಷೆ ಕೇಳಿ ಬೆಳೆಯುವ ಮಕ್ಕಳು ತೊದಲು, ಮೊದಲ ಮಾತು ಇತ್ಯಾದಿ ಹಂತಗಳನ್ನು ಒಂದೇ ಭಾಷೆಯ ಮಕ್ಕಳಷ್ಟೇ ಹೊತ್ತಿಗೆ ತಲುಪುತ್ತಾರೆ. ನಾಳೆ ಒಂದೇ ವಾಕ್ಯದಲ್ಲಿ ಬ್ಯಾರಿ, ಕನ್ನಡ ಸೇರಿಸಿ ಮಾತಾಡಿದರೆ ಅದು ಗೊಂದಲ ಅಲ್ಲ, ನಾವು ದೊಡ್ಡವರೂ ದಿನಾ ಮಾಡುವುದು ಅದನ್ನೇ. ಯಾವ ಭಾಷೆಯಲ್ಲಿ ನಿಮಗೆ ಲಾಲಿ ಹಾಡಲಿಕ್ಕೆ, ಗದರಿಸಲಿಕ್ಕೆ, ತಮಾಷೆ ಮಾಡಲಿಕ್ಕೆ ಯೋಚಿಸದೆ ಬರ್ತದೋ ಅದರಲ್ಲೇ ಮಾತಾಡಿ. ಬಾರದ ಭಾಷೆಯಲ್ಲಿ ಮಾತಾಡುವವರ ಬಾಯಲ್ಲಿ ನಾಲ್ಕು ಮಾತು ಮಾತ್ರ ಬರ್ತದೆ, ಕೂಸಿಗೆ ಸಿಗುವುದೂ ನಾಲ್ಕೇ.

ಬ್ಯಾರಿಯ ವಿಷಯದಲ್ಲಿ ಇನ್ನೊಂದು ಮಾತು ಹೇಳಬೇಕು. ಮಂಗಳೂರು, ಉಡುಪಿ, ಕಾಸರಗೋಡಿನ ಕಡೆ ಮಗು ಮನೆಯಲ್ಲಿ ಕೇಳದಿದ್ದರೂ ಬೀದಿಯಲ್ಲಿ ಕೇಳ್ತದೆ. ಚಿತ್ತಾಪುರದಲ್ಲೋ ಚಿಂಚೋಳಿಯಲ್ಲೋ ಹಾಗಲ್ಲ. ಇಲ್ಲಿ ಕನ್ನಡ, ಉರ್ದು ಎರಡನ್ನೂ ಬೀದಿ ಕಲಿಸ್ತದೆ, ಶಾಲೆ ಕಲಿಸ್ತದೆ. ಬ್ಯಾರಿಯನ್ನು ಕಲಿಸುವುದು ಉಮ್ಮ ಮತ್ತು ಉಪ್ಪ ಮಾತ್ರ. ನಮ್ಮ ಭಾಷೆಗೆ ಸರ್ಕಾರದ ಸಾಹಿತ್ಯ ಅಕಾಡೆಮಿ ಉಂಟು, 'ಬ್ಯಾರಿ' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂದಿದೆ. ಆದರೆ ಕೂಸಿನ ಕಿವಿಯವರೆಗೆ ಭಾಷೆಯನ್ನು ತಲುಪಿಸುವ ಕೆಲಸ ಅಕಾಡೆಮಿಯಿಂದ ಆಗುವುದಲ್ಲ. ರಜೆಗೆ ಊರಿಗೆ ಹೋದಾಗ ಅಜ್ಜಿಯ ಮಾತು ಮೊಮ್ಮಗುವಿಗೆ ತಿಳಿಯದೆ ನಡುವೆ ಒಬ್ಬರು ಭಾಷಾಂತರಕ್ಕೆ ನಿಲ್ಲುವ ಹಾಗೆ ಆಗಬಾರದು.

ಹಾಗಂತ ಪಕ್ಕದ ಮನೆಯ ದಖನಿಯನ್ನು, ಕಲಬುರಗಿ ಕನ್ನಡವನ್ನು ದೂರ ಇಡಬೇಕಾದ್ದಿಲ್ಲ. ಓಣಿಯ ಅಮ್ಮಂದಿರು 'ಕೂಸು ಕೊಡ್ರಿ ಇಲ್ಲಿ' ಅಂತ ಎತ್ತಿಕೊಂಡು ಮಾತಾಡಿಸಿದರೆ ಸಂತೋಷದಿಂದ ಕೊಡಿ. ಎಂಟು ಒಂಬತ್ತು ತಿಂಗಳಲ್ಲಿ ಮಕ್ಕಳು ಹೊಸ ಮುಖ ನೋಡಿ ಅಳುವುದು ಉಂಟು. ಇದು ಹಟ ಅಲ್ಲ, ನಮ್ಮವರು ಯಾರು ಅಂತ ಗೊತ್ತಾಗುವ ಬುದ್ಧಿ ಬಂದದ್ದರ ಗುರುತು. ನೀವು ಪಕ್ಕದಲ್ಲಿ ನಿಂತು ನಗುತ್ತಾ ಕೊಟ್ಟರೆ ನಿಧಾನಕ್ಕೆ ಹೊಂದಿಕೊಳ್ತದೆ.

ಮಗುವಿನ ಕಿವಿಯ ಬಗ್ಗೆ ನಮ್ಮ ಹಿರಿಯರಿಗೂ ಗೊತ್ತಿತ್ತು. ಮಕ್ಕಾದ ಕುರೈಷ್ ಮನೆತನಗಳು ಹಸುಗೂಸುಗಳನ್ನು ಮರುಭೂಮಿಯ ಬುಡಕಟ್ಟಿನ ದಾಯಿಗಳ ಕೈಗೆ ಕೊಡ್ತಿದ್ದ ಕಥೆ ಮದ್ರಸದ ಎಲ್ಲ ಮಕ್ಕಳಿಗೂ ಗೊತ್ತು. ಪ್ರವಾದಿ ಮುಹಮ್ಮದ್ (ಸ) ಅವರು ಬನೂ ಸಅದ್ ಬುಡಕಟ್ಟಿನ ಹಲೀಮಾ ಅವರ ಹಾಲು ಕುಡಿದು ಬೆಳೆದರು. ಇದಕ್ಕೆ ಸೀರತ್ ಗ್ರಂಥಗಳು ಕೊಡುವ ಕಾರಣಗಳಲ್ಲಿ ಶುದ್ಧ ಗಾಳಿಯ ಜೊತೆಗೆ ಶುದ್ಧ ಅರಬಿ ಮಾತು ಕಿವಿಗೆ ಬೀಳಲಿ ಎಂಬುದೂ ಒಂದು.

ದಿನದ ಕೆಲಸದಲ್ಲೇ ಮಾತು

ಇದಕ್ಕೆ ಬೇರೆ ಹೊತ್ತು ತೆಗೆಯಬೇಕಾಗಿಲ್ಲ. ಮೀಯಿಸುವಾಗ ಕೈ, ಕಾಲು, ಮೂಗು ಅಂತ ಹೆಸರು ಹೇಳಿ. ಬಟ್ಟೆ ಮಡಚುವಾಗ ಇದು ಉಪ್ಪನ ಅಂಗಿ, ಇದು ನಿನ್ನ ಟೊಪ್ಪಿ ಅಂತ ತೋರಿಸಿ. ದುಪಟ್ಟಾದಲ್ಲಿ ಮುಖ ಮುಚ್ಚಿ ತೆಗೆಯುವ ಆಟಕ್ಕೆ ಕೂಸು ಯಾಕೆ ಅಷ್ಟು ನಗ್ತದೆ ಗೊತ್ತುಂಟಾ? ಕಣ್ಣಿಗೆ ಕಾಣದ್ದು ಇಲ್ಲದೆ ಹೋದದ್ದಲ್ಲ ಅಂತ ಅದು ಕಲಿಯುತ್ತಿರುವುದು ಈ ತಿಂಗಳುಗಳಲ್ಲೇ. ಲೋಟದ ಕೆಳಗೆ ಚಮಚ ಅಡಗಿಸಿ ಹುಡುಕಲು ಬಿಡಿ. ಒಂಬತ್ತು ತಿಂಗಳ ಮೇಲೆ ಅದು ಬೆರಳು ತೋರಿಸಲು ಶುರು ಮಾಡ್ತದೆ. ತೋರಿಸಿದ್ದರ ಹೆಸರನ್ನು ಆಗಲೇ ಹೇಳಿ. ಬೆರಳು ತೋರಿಸುವುದು ಅಂದರೆ ಮಗು ಪ್ರಶ್ನೆ ಕೇಳಿದ ಹಾಗೆ.

ನೆಲದ ಮೇಲೆ ಬಿಡುವುದೂ ಅಷ್ಟೇ ಮುಖ್ಯ. ನಮ್ಮ ಕಡೆ ಹೆಚ್ಚಿನ ಮನೆಗಳಿಗೆ ಶಹಾಬಾದ್ ಕಲ್ಲಿನ ನೆಲ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಕೊರೆಯುತ್ತದೆ. ಆಗ ಒಂದು ಕೌದಿ ಹಾಸಿ. ವಾಡಿ, ಸೇಡಂನಂಥ ಸಿಮೆಂಟ್ ಊರುಗಳಲ್ಲಿ ಧೂಳು ಬೇಗ ಕೂರ್ತದೆ, ಒದ್ದೆ ಬಟ್ಟೆಯಲ್ಲಿ ದಿನಾ ಒರೆಸಿ. ಆಮೇಲೆ ಕೂಸು ತೆವಳಲಿ, ಹಿಡಿದು ನಿಲ್ಲಲಿ, ಬೀಳಲಿ. ಚಕ್ರದ ವಾಕರ್ ಬೇಡ. ಅದರಿಂದ ಬೇಗ ನಡೆಯುವುದಿಲ್ಲ, ಮೆಟ್ಟಿಲಿಗೆ, ಒಲೆಗೆ ಹೋಗಿ ಬೀಳುವ ಅಪಾಯ ಮಾತ್ರ ಹೆಚ್ಚು. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಪಕ್ಕದ ಮನೆಯ ಮಗು ಹತ್ತು ತಿಂಗಳಿಗೆ ನಡೆಯಿತು ಅಂತ ಹೋಲಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಸ್ವಂತ ನಡಿಗೆ ಎಂಟು ತಿಂಗಳಿಂದ ಹದಿನೇಳೂವರೆ ತಿಂಗಳವರೆಗೆ ಯಾವಾಗ ಬೇಕಾದರೂ ಬರ್ತದೆ. ಕೆಲವು ಮಕ್ಕಳು ಅಂಬೆಗಾಲು ಇಡದೆಯೇ ಎದ್ದು ನಡೆಯುತ್ತವೆ.

ಇನ್ನು ಊಟ. ಆರು ತಿಂಗಳು ತುಂಬಿದ ಮೇಲೆ ಎದೆಹಾಲು ಒಂದೇ ಸಾಲದು, ಆದರೆ ಎದೆಹಾಲು ನಿಲ್ಲಿಸಬೇಕಾಗಿಯೂ ಇಲ್ಲ. ಪೂರ್ಣವಾಗಿ ಕುಡಿಸಬಯಸುವವರಿಗೆ ಎರಡು ವರ್ಷ ಅಂತ ಕುರ್‌ಆನಿನ ಅಲ್ ಬಕರ ಅಧ್ಯಾಯ ಹೇಳುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಎರಡು ವರ್ಷ ಅಥವಾ ಹೆಚ್ಚು. ಆರರಿಂದ ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಎರಡು ಮೂರು ಚಮಚದಿಂದ ಶುರು ಮಾಡಿ; ಒಂಬತ್ತರ ಮೇಲೆ ಮೂರು ನಾಲ್ಕು ಸಲ, ಅರ್ಧ ಬಟ್ಟಲಿನಷ್ಟು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆ ಬೇಳೆ ನಮ್ಮ ಬಾಗಿಲಲ್ಲೇ ಸಿಗ್ತದೆ. ಅನ್ನದ ಜೊತೆ ಮೆತ್ತಗೆ ಬೇಯಿಸಿ, ಕಿವುಚಿ, ಒಂದು ಹನಿ ತುಪ್ಪ ಹಾಕಿ. ನಮ್ಮ ರಾಗಿ ಮಣ್ಣಿ, ಇಲ್ಲಿನ ಜೋಳದ ಗಂಜಿ, ಚೆನ್ನಾಗಿ ಬೆಂದ ಮೊಟ್ಟೆ, ಮುಳ್ಳು ತೆಗೆದ ಮೀನು, ನುಣ್ಣಗೆ ಮಾಡಿದ ಮಾಂಸ ಎಲ್ಲ ಆಗ್ತದೆ. ಮಣ್ಣಿಗೆ ಬೆಲ್ಲ, ಗಂಜಿಗೆ ಉಪ್ಪು ವರ್ಷ ತುಂಬುವವರೆಗೆ ಬೇಡ. ಜೇನು ಶಿಫಾ ಹೌದು, ಅದರಲ್ಲಿ ನಮಗೆ ಸಂಶಯ ಇಲ್ಲ. ಆದರೆ ವರ್ಷದೊಳಗಿನ ಶಿಶುವಿನ ಕರುಳಿಗೆ ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ತಡೆಯುವುದಿಲ್ಲ, ಹಾಗಾಗಿ ಆಗ ಕೊಡಬಾರದು. ಶೇಂಗಾ, ಕಡಲೆಯಂಥ ಗಟ್ಟಿ ಕಾಳು ಗಂಟಲಲ್ಲಿ ಸಿಕ್ಕಿಕೊಳ್ತದೆ.

ಊಟದ ಹೊತ್ತೂ ಮಾತಿನ ಹೊತ್ತೇ. ಒತ್ತಾಯ ಮಾಡಿ ತುರುಕಬೇಡಿ. ಬಾಯಿ ತೆರೆದಾಗ ಕೊಡಿ, ಮುಖ ತಿರುಗಿಸಿದರೆ ನಿಲ್ಲಿಸಿ, ಕೊಡುವುದರ ಹೆಸರು ಹೇಳಿ.

ಕಾಯಬಾರದ ಗುರುತುಗಳು

ನಡಿಗೆಗೆ ಕಾಯಬಹುದು, ಕಿವಿಗೆ ಕಾಯಬಾರದು. ಕಿವಿ ಕೇಳದ ಮಗುವೂ ಮೊದಲ ತಿಂಗಳುಗಳಲ್ಲಿ 'ಆ, ಊ' ಅನ್ನುತ್ತದೆ, ಹಾಗಾಗಿ ಮನೆಯವರಿಗೆ ಗೊತ್ತಾಗುವುದಿಲ್ಲ. ಆದರೆ 'ಬಾ ಬಾ', 'ಮಾ ಮಾ', 'ದಾ ದಾ' ಅಂತ ಜೋಡಿಸಿ ತೊದಲುವುದು ಹತ್ತು ತಿಂಗಳಾದರೂ ಬಂದಿಲ್ಲ ಅಂದರೆ ಕಿವಿ ಪರೀಕ್ಷೆ ಮಾಡಿಸಲೇಬೇಕು. ಹಿಂದಿನಿಂದ ಹೆಸರು ಕರೆದರೆ ತಿರುಗದಿರುವುದು, ಒಂಬತ್ತು ಹತ್ತು ತಿಂಗಳಾದರೂ ಆಧಾರ ಇಲ್ಲದೆ ಕೂರದಿರುವುದು, ಮುಖ ನೋಡಿ ನಗದಿರುವುದು, ವರ್ಷ ತುಂಬಿದರೂ ಕೈ ಬೀಸದಿರುವುದು, ಬೆರಳು ತೋರಿಸದಿರುವುದು, ಬರ್ತಿದ್ದ ಯಾವುದೇ ಸಾಮರ್ಥ್ಯ ಹೋಗಿಬಿಡುವುದು, ಇವಕ್ಕೂ ಡಾಕ್ಟರ ಹತ್ತಿರ ಹೋಗಬೇಕು. 'ಇವರ ಉಪ್ಪನೂ ತಡವಾಗಿ ಮಾತಾಡಿದ್ದು' ಅಂತ ಸಮಾಧಾನ ಹೇಳಿ ಕೂರಿಸುವ ಹಿರಿಯರಿಗೆ ಗೌರವ ಕೊಡೋಣ, ಆದರೆ ಪರೀಕ್ಷೆ ಮುಂದೂಡುವುದು ಬೇಡ. ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ, ತಿಂಗಳು ತುಂಬದೆ ಹುಟ್ಟಿದವರಲ್ಲಿ, ಹುಟ್ಟಿದಾಗ ತೀವ್ರ ಕಾಮಾಲೆ ಆದವರಲ್ಲಿ ಕಿವಿಯ ತೊಂದರೆ ಹೆಚ್ಚು. ಬೇಗ ಗೊತ್ತಾದರೆ ಶ್ರವಣ ಸಾಧನ, ಚಿಕಿತ್ಸೆಯಿಂದ ಮಗು ಮಾತು ಕಲಿಯಬಲ್ಲದು.

ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಚುಚ್ಚುಮದ್ದು, ವಿಟಮಿನ್ ಎ ಹನಿ ಹಾಕಿಸಲಿಕ್ಕೆ ಹೇಗೂ ಆಸ್ಪತ್ರೆಗೆ ಹೋಗ್ತೀರಿ. ಅವತ್ತೇ ಇದನ್ನೆಲ್ಲ ಕೇಳಿ. ತವರಿನಿಂದ ಬರುವಾಗ ತಾಯಿ ಕಾರ್ಡನ್ನು ಮರೆಯದೆ ತನ್ನಿ, ಬಂದ ವಾರದಲ್ಲೇ ಇಲ್ಲಿನ ಅಂಗನವಾಡಿಯಲ್ಲಿ ಮಗುವಿನ ಹೆಸರು ಬರೆಸಿ. ತೂಕ ನೋಡ್ತಾರೆ, ಪೌಷ್ಟಿಕ ಆಹಾರ ಕೊಡ್ತಾರೆ. ಆಶಾ ಕಾರ್ಯಕರ್ತೆಯ ಹತ್ತಿರ ಕಬ್ಬಿಣಾಂಶದ ಸಿರಪ್ ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಬೆಳವಣಿಗೆಯ ತೊಂದರೆಗಳ ತಪಾಸಣೆ ಉಚಿತ. ಕಿವಿ, ಮಾತಿನ ವಿಷಯಕ್ಕೆ ಹೆಚ್ಚಿನ ಪರೀಕ್ಷೆ ಬೇಕಾದರೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಉಂಟು.

ಉಪ್ಪನ ಪಾಲು

ಇದನ್ನು ಓದುವ ಗಂಡಸರು 'ಮನೆಯವಳಿಗೆ ಹೇಳ್ತೇನೆ' ಅಂತ ಪೇಪರ್ ಮಡಚಬೇಡಿ. ಹಾಲುಣಿಸುವ ಬಗ್ಗೆ ಹೇಳುವ ಅದೇ ಆಯತ್ತು ಆ ತಾಯಿಯ ಊಟ, ಬಟ್ಟೆಯ ಹೊಣೆಯನ್ನು ತಂದೆಯ ಮೇಲೆ ಹಾಕಿದೆ. ಹಾಲು ಬಿಡಿಸುವುದನ್ನೂ ಇಬ್ಬರೂ ಸಮಾಲೋಚಿಸಿ ಮಾಡಲು ಹೇಳಿದೆ. ಪ್ರವಾದಿಯವರು (ಸ) ಮೊಮ್ಮಗಳು ಉಮಾಮಾಳನ್ನು ಎತ್ತಿಕೊಂಡೇ ನಮಾಝ್ ಮಾಡಿದ್ದರು, ಸುಜೂದ್‌ಗೆ ಹೋಗುವಾಗ ಕೆಳಗಿಟ್ಟು ಏಳುವಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು ಅಂತ ಹದೀಸಿನಲ್ಲಿ ಉಂಟು. ನಮಾಝಿನಲ್ಲೇ ಮಗುವಿಗೆ ಜಾಗ ಇದ್ದ ಮೇಲೆ ನಮ್ಮ ಗಲ್ಲದಲ್ಲಿ, ಲೆಕ್ಕದಲ್ಲಿ ಇರಬಾರದಾ?

ಸಂಜೆ ಅಂಗಡಿಯಿಂದ ಅರ್ಧ ಗಂಟೆ ಮನೆಗೆ ಬನ್ನಿ, ಆಗದಿದ್ದರೆ ಮಗುವನ್ನು ಅಂಗಡಿಗೆ ಕರೆಸಿಕೊಳ್ಳಿ, ಗಿರಾಕಿಗಳ ಮಾತೂ ಅದರ ಕಿವಿಗೆ ಬೀಳಲಿ. ದಿನವಿಡೀ ಒಂಟಿಯಾಗಿ ಇರುವ ತಾಯಿಗೆ ಮಾತಾಡಲು ಜನ ಇಲ್ಲದಿದ್ದರೆ ಅವಳು ಮಗುವಿನ ಜೊತೆ ಮಾತಾಡುವ ಹುರುಪೂ ಕಡಿಮೆಯಾಗ್ತದೆ. ಅವಳ ಜೊತೆಗೂ ಕೂತು ಮಾತಾಡಿ. ನಮ್ಮ ಮನೆಗಳು ಇಲ್ಲಿ ಒಂದೊಂದು ಊರಿನಲ್ಲಿ ಬೆರಳೆಣಿಕೆಯಷ್ಟೇ ಇರಬಹುದು. ಶುಕ್ರವಾರ ಜುಮಾ ಆದ ಮೇಲೆ ಎರಡು ಮನೆಯ ತಾಯಂದಿರು ಕೂಸುಗಳನ್ನು ಕರೆದುಕೊಂಡು ಒಂದೆಡೆ ಕೂತರೆ ಮಕ್ಕಳಿಗೆ ಬ್ಯಾರಿ ಮಾತಾಡುವ ಇನ್ನೂ ನಾಲ್ಕು ಮುಖ ಸಿಗ್ತವೆ. ಖರ್ಚು ಒಂದು ಚಹಾ ಅಷ್ಟೇ. ಅಲ್ಲಾಹನು ನಮ್ಮ ಮಕ್ಕಳಿಗೆ ಕೇಳುವ ಕಿವಿ, ಒಳ್ಳೆಯ ನಾಲಗೆ ಕೊಡಲಿ. ಅವರ ಜೊತೆ ಮಾತಾಡಲಿಕ್ಕೆ ನಮಗೂ ಬಿಡುವು ಕೊಡಲಿ, ಆಮೀನ್.